ಜ್ವರದ ಗುಳಿಗೆಯೂ ಕನ್ನಡದ ಚೀಟಿಯೂ

ಮಳೆಗಾಲವು ಕಾಲಿಟ್ಟಿತೆಂದರೆ ನಮ್ಮ ಕರಾವಳಿ ಮಲೆನಾಡುಗಳ ಆಸ್ಪತ್ರೆಗಳಲ್ಲಿ ಇಲಿಜ್ವರದ ರೋಗಿಗಳು ಕಾಣಿಸಿಕೊಳ್ಳುವರು. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಿನಿಂದ ನಿಂತು ದುಡಿಯುವ ರೈತನೂ, ಚರಂಡಿಗಿಳಿಯುವ ಪೌರಕಾರ್ಮಿಕನೂ ಇದಕ್ಕೆ ಸುಲಭವಾಗಿ ತುತ್ತಾಗುವರು. ಈ ಜ್ವರಕ್ಕೂ, ಪೊದೆಗಳಲ್ಲಿನ ನುಸಿಯ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಜ್ವರಕ್ಕೂ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಆಂಟಿಬಯಾಟಿಕ್ ಔಷಧವು ಡಾಕ್ಸಿಸೈಕ್ಲಿನ್. ಅಲ್ಪ ಬೆಲೆಯದಾದರೂ ಸಕಾಲದಲ್ಲಿ ದೊರೆತರೆ ಪ್ರಾಣವನ್ನುಳಿಸುವಂತಹುದು. ಆದರೆ ಅದನ್ನು ಸೇವಿಸುವ ಕ್ರಮವನ್ನು ರೋಗಿಗೆ ತಿಳಿಸತಕ್ಕವರಾರು? ಇದೇ ನಮ್ಮ ಪ್ರಶ್ನೆ.

ಈ ಗುಳಿಗೆಯ ವಂಶಾವಳಿಯಲ್ಲಿ ಭಾರತೀಯರೊಬ್ಬರ ಹೆಸರಿರುವುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಟೆಟ್ರಾಸೈಕ್ಲಿನ್ ವರ್ಗದ ಮೊದಲನೆಯ ಮದ್ದಾದ ಆರಿಯೋಮೈಸಿನ್ನನ್ನು ಅಮೇರಿಕೆಯ ಲೆಡರ್ಲೆ ಪ್ರಯೋಗಶಾಲೆಯಲ್ಲಿ ವಯೋವೃದ್ಧ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಡಗ್ಗರರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದು, 1948ರಲ್ಲಿ ಲೋಕಕ್ಕೆ ಪ್ರಕಟಿಸಿದರು. ಅಲ್ಲಿ ಸಂಶೋಧನೆಯ ನಿರ್ದೇಶಕರಾಗಿದ್ದವರು ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರು. ಆ ವರ್ಷವೇ ಅವರು ಕಾಲವಾದರು. ಡಾಕ್ಸಿಸೈಕ್ಲಿನ್ ಅದೇ ಕುಲದಲ್ಲಿ ಮುಂದೆ ಹುಟ್ಟಿದ ಔಷಧ.

ಇದಕ್ಕೆ ತನ್ನವೇ ಆದ ಕಟ್ಟುನಿಟ್ಟುಗಳುಂಟು. ನಮ್ಮಲ್ಲಿ ಎಷ್ಟೋ ಮಂದಿ ಗುಳಿಗೆಯನ್ನು ಒಂದು ಗುಟುಕು ನೀರಿನೊಡನೆ ನುಂಗಿ ಒಡನೆಯೇ ಹಾಸಿಗೆಗೊರಗುವರು. ಡಾಕ್ಸಿಸೈಕ್ಲಿನ್ ಹೀಗೆ ಅನ್ನನಾಳಕ್ಕೆ ಅಂಟಿಕೊಂಡು ಕರಗಿದರೆ ಅಲ್ಲಿ ಹುಣ್ಣಾಗುವುದು. ಅನ್ನ ನುಂಗಲಾರದಷ್ಟು ಎದೆನೋವು ಬರುವುದು. ಆದುದರಿಂದ ಊಟದ ತರುವಾಯ ಲೋಟದ ತುಂಬ ನೀರಿನೊಡನೆ ಸೇವಿಸಿ ಅರ್ಧ ಗಂಟೆಯಾದರೂ ನೆಟ್ಟಗೆ ಕುಳಿತಿರಬೇಕು. ಮದ್ದನ್ನು ಬಿಸಿ ಹಾಲಿನೊಡನೆ ಕೊಡುವ ಮನೆಯ ಹಿರಿಯರ ವಾಡಿಕೆಯು ವಾತ್ಸಲ್ಯದ್ದೇ ಸರಿ. ಆದರೆ ಹಾಲಿನ ಸುಣ್ಣದ ಅಂಶವು ಈ ಔಷಧವನ್ನು ಹಿಡಿದುಕೊಂಡು, ರಕ್ತಕ್ಕೆ ಸೇರುವ ಪ್ರಮಾಣವನ್ನು ತಗ್ಗಿಸುವುದು. ಕಬ್ಬಿಣದ ಮಾತ್ರೆಯೂ ಹುಳಿತೇಗಿಗೆ ಕುಡಿಯುವ ಮದ್ದೂ ಇದನ್ನೇ ಮಾಡುವುವು. ಇವುಗಳ ನಡುವೆ ಎರಡು ಮೂರು ಗಂಟೆಗಳ ಅಂತರವಿರಲಿ. ಇದನ್ನು ಸೇವಿಸುವವರ ಚರ್ಮವು ಬಿಸಿಲಿಗೆ ಬೇಗನೆ ಸುಟ್ಟು ಕೆಂಪಾಗುವ ಸಂಭವವೂ ಉಂಟು. ಗದ್ದೆಯಲ್ಲಿ ದುಡಿಯುವವನಿಗೆ ಬಿಸಿಲಿಗೆ ಹೋಗಬೇಡವೆನ್ನುವುದು ಸುಲಭ. ತುಂಬುತೋಳಿನ ಅಂಗಿಯನ್ನೂ ತಲೆಗೆ ಮುಂಡಾಸನ್ನೂ ಧರಿಸೆನ್ನುವುದೇ ಉಪಯುಕ್ತ.

ಓಕರಿಕೆ, ಅಲ್ಪಸ್ವಲ್ಪ ಭೇದಿ ಇವು ಅನೇಕರಿಗೆ ಬಂದುಹೋಗುವುವು. ಅಷ್ಟಕ್ಕೇ ವೈದ್ಯರನ್ನು ಕೇಳದೆ ಔಷಧವನ್ನು ಬಿಡಬಾರದು. ಮೈಮೇಲೆ ದದ್ದುಗಳೆದ್ದು, ಮುಖ ಊದಿ, ಉಸಿರು ಕಟ್ಟಿದಂತಾದರೆ ಮಾತ್ರ ಮುಂದಿನ ಗುಳಿಗೆಯನ್ನು ನುಂಗದೆ ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ನಿಲ್ಲದ ಭೇದಿ, ರಕ್ತಭೇದಿ, ದೃಷ್ಟಿ ಮಸುಕಾಗುವಂತಹ ತೀವ್ರ ತಲೆನೋವು ಇವುಗಳನ್ನೂ ಉದಾಸೀನ ಮಾಡಲಾಗದು. ಗರ್ಭಿಣಿಯರು ತಮ್ಮ ಸ್ಥಿತಿಯನ್ನೂ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಆ ವಿಷಯವನ್ನೂ ವೈದ್ಯರಿಗೆ ಮೊದಲೇ ಅರಿಕೆಮಾಡಬೇಕು. ಎಳೆಯ ಮಕ್ಕಳ ಹಲ್ಲುಗಳಿಗೆ ಕಲೆ ಬೀಳುವುದೆಂಬ ಭೀತಿ ಈ ವರ್ಗದ ಹಳೆಯ ಔಷಧಗಳಿಂದ ಬಂದದ್ದು. ಸ್ಕ್ರಬ್ ಟೈಫಸ್‌ನಂತಹ ಜ್ವರದಲ್ಲಿ ಈಗ ವೈದ್ಯರು ಮಕ್ಕಳಿಗೂ ಕೆಲವು ದಿನಗಳ ಮಟ್ಟಿಗೆ ಇದನ್ನು ಕೊಡುವರು, ತಾಯಿತಂದೆಗಳು ಗಾಬರಿಯಾಗಬೇಕಾಗಿಲ್ಲ.

ಉಳಿದ ನಾಲ್ಕು ಗುಳಿಗೆಗಳನ್ನು ಕಪಾಟಿನಲ್ಲಿಟ್ಟು, ಮುಂದಿನ ಜ್ವರಕ್ಕೆ ತಾನೋ ನೆರೆಯವನೋ ನುಂಗುವ ಚಾಳಿಯು ಸುಶಿಕ್ಷಿತರಲ್ಲಿಯೇ ಹೆಚ್ಚೆಂದು ನಮಗೆ ತೋರುತ್ತದೆ. ಆ ಮುಂದಿನ ಜ್ವರವು ಡೆಂಗಿಯಾಗಿರಬಹುದು. ಅದು ವೈರಸ್ಸಿನಿಂದ ಬರುವ ರೋಗವಾದುದರಿಂದ ಈ ಗುಳಿಗೆಯು ಅದಕ್ಕೆ ನಾಟದು. ಪರೀಕ್ಷೆಗೆ ಹೋಗಬೇಕಾದ ಅಮೂಲ್ಯ ದಿನಗಳು ಮಾತ್ರ ಕಳೆದುಹೋಗುವುವು. ಇತ್ತ ಶರೀರದಲ್ಲಿರುವ ಬೇರೆ ಬ್ಯಾಕ್ಟೀರಿಯಗಳು ಮದ್ದಿಗೆ ಬಗ್ಗದಿರುವುದನ್ನು ಕಲಿಯುವುವು. ಪೆನಿಸಿಲಿನ್ ವಿಷಯದಲ್ಲಿ ಈ ಅಪಾಯವನ್ನು ಅಲೆಕ್ಸಾಂಡರ್ ಫ್ಲೆಮಿಂಗರು 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಸಾರಿದ್ದರು. ವೈದ್ಯರ ಚೀಟಿಯಿಲ್ಲದೆ ಇಂತಹ ಔಷಧವನ್ನು ಮಾರಕೂಡದೆಂದು ಕಾನೂನಿದ್ದರೂ, ಕೇಳಿದವರಿಗೆ ಕೇಳಿದಷ್ಟು ಕೊಡುವ ಅಂಗಡಿಗಳಿಗೆ ನಮ್ಮ ಪಟ್ಟಣಗಳಲ್ಲಿ ಕೊರತೆಯಿಲ್ಲ.

ಇನ್ನು ಗುಳಿಗೆಯ ಹಾಳೆಯನ್ನು ನೋಡಿರಿ. ಅದರ ಮೇಲಿನ ಸೂಚನೆಗಳು ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರಗಳಲ್ಲಿ. ಅಂಗಡಿಯವನು ಅದನ್ನು ಕತ್ತರಿಸಿ ಆರು ಗುಳಿಗೆ ಕೊಟ್ಟನೆಂದರೆ ಔಷಧದ ಅವಧಿ ಮುಗಿಯುವ ತಾರೀಖೂ ಎಷ್ಟೋ ವೇಳೆ ಅವನಲ್ಲಿಯೇ ಉಳಿಯುವುದು. ಪ್ರಜೆಗಳ ಭಾಷೆಯಲ್ಲಿ ಆಡಳಿತ ನಡೆಸುತ್ತೇವೆನ್ನುವ ಸರಕಾರವು ಪ್ರಜೆಗಳ ಹೊಟ್ಟೆಗೆ ಹೋಗುವ ಮದ್ದಿನ ವಿಷಯವನ್ನು ಆ ಭಾಷೆಯಲ್ಲಿ ಹೇಳಬೇಡವೇ? ಆರೋಗ್ಯ ಇಲಾಖೆಯವರು ಅಂಗೈಯಗಲದ ಕನ್ನಡ ಚೀಟಿಯೊಂದನ್ನು ಮುದ್ರಿಸಲಿ. ತುಂಬ ನೀರು, ನೆಟ್ಟಗೆ ಕೂಡುವುದು, ಹಾಲಿನಿಂದ ಅಂತರ, ಬಿಸಿಲಿನ ಎಚ್ಚರ, ಆಸ್ಪತ್ರೆಗೆ ಓಡಬೇಕಾದ ಚಿಹ್ನೆಗಳು, ಇಷ್ಟಿದ್ದರೆ ಸಾಕು. ಓದಲು ಬಾರದವರಿಗೆ ಔಷಧ ಕೊಡುವಾತನೇ ಅದನ್ನು ಓದಿಹೇಳಲಿ. ಕರಾವಳಿ ಮಲೆನಾಡುಗಳ ತಾಲ್ಲೂಕು ಆಸ್ಪತ್ರೆಗಳ ಔಷಧದ ಕಿಟಕಿಗಳಲ್ಲಿ, ಮುಂದಿನ ಮುಂಗಾರಿಗೆ ಮುಂಚೆಯೇ ಇದನ್ನು ಆರಂಭಿಸಬಹುದು.