ಕಣಗಾಲರ ಕೊನೆಯ ನಾಯಕಿ ಮೈಕಿನ ಮುಂದೆ ನಿಂತಾಗ

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಕನ್ನಡ ಸಿನಿಮಾಕ್ಕೆ ಇಬ್ಬರು ಅಣ್ಣತಮ್ಮಂದಿರನ್ನು ಕೊಟ್ಟ ಊರು. ಅಣ್ಣ ಪ್ರಭಾಕರ ಶಾಸ್ತ್ರಿಗಳು ಹಾಡು ಬರೆದರು. 1933ರಲ್ಲಿ ಹುಟ್ಟಿದ ತಮ್ಮ ಪುಟ್ಟಣ್ಣ ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ಶರಪಂಜರ’, ‘ರಂಗನಾಯಕಿ’ಗಳಲ್ಲಿ ಹೆಣ್ಣಿನ ಸಂಕಟವನ್ನೇ ಕಥೆಯನ್ನಾಗಿ ಮಾಡಿದರು. ಅವರು ಬೆಳೆಸಿದ ನಾಯಕಿಯರೆಂದರೆ ನಮಗೆ ಮೊದಲು ನೆನಪಾಗುವುದು ಕಲ್ಪನಾ, ಆರತಿ. ಆ ಸಾಲಿನ ಕೊನೆಯಲ್ಲಿ ಬಂದ ಒಬ್ಬ ಹುಡುಗಿಯ ದನಿಯನ್ನು ಇವತ್ತು ಬೆಂಗಳೂರಿನ ಮೆಟ್ರೊ ಹತ್ತಿದ ಹುಣಸೂರಿನವರೂ ಎಚ್.ಡಿ. ಕೋಟೆಯವರೂ ಕೇಳಿದ್ದಾರೆ. ಅವರೇ ಅಪರ್ಣಾ.

ಅಪರ್ಣಾ ಹುಟ್ಟಿದ್ದು 1966ರಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಪಂಚನಹಳ್ಳಿಯಲ್ಲಿ. ತಂದೆ ಸಿನಿಮಾ ಪತ್ರಕರ್ತರು. ಪುಟ್ಟಣ್ಣ ಅಪರ್ಣಾರನ್ನು ‘ಮಸಣದ ಹೂವು’ ಚಿತ್ರದಲ್ಲಿ ಅಂಬರೀಶ್, ಜಯಂತಿಯರಂಥ ದೊಡ್ಡ ಕಲಾವಿದರ ಎದುರು ನಿಲ್ಲಿಸಿದರು. ಅದೇ ಪುಟ್ಟಣ್ಣನವರ ಕೊನೆಯ ಚಿತ್ರವೂ ಆಯಿತು. 1985ರ ಜೂನ್ 5ರಂದು ಅವರು ತೀರಿಕೊಂಡರು. ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿಕೊಟ್ಟರು. ಮುಂದೆ ಅಪರ್ಣಾ ‘ಸಂಗ್ರಾಮ’, ‘ಇನ್‌ಸ್ಪೆಕ್ಟರ್ ವಿಕ್ರಂ’, ‘ಡಾಕ್ಟರ್ ಕೃಷ್ಣ’ ಮೊದಲಾದ ಚಿತ್ರಗಳಲ್ಲಿ ಅಭಿನಯಿಸಿದರು. ಮೊದಲ ಚಿತ್ರದಲ್ಲಿ ಸಿಕ್ಕಂಥ ಪಾತ್ರ ಮತ್ತೆ ಸಿಗಲಿಲ್ಲ ಎಂದೇ ನನ್ನ ಅನಿಸಿಕೆ. ಆ ನಷ್ಟ ಸಿನಿಮಾದ್ದು. ಯಾಕೆಂದರೆ ಅವರು ಅಲ್ಲಿಂದ ರೇಡಿಯೊ ಮತ್ತು ಟೀವಿಯ ಕಡೆ ಹೊರಳಿ, ನಮ್ಮಲ್ಲಿ ಯಾರೂ ಕಲೆ ಎಂದು ಗಂಭೀರವಾಗಿ ಎಣಿಸದಿದ್ದ ಒಂದು ಕೆಲಸಕ್ಕೆ ಘನತೆ ತಂದುಕೊಟ್ಟರು. ಅದು ನಿರೂಪಣೆ.

ಈ ಕೆಲಸದ ಬೇರು ನಮ್ಮ ಮೈಸೂರು ಜಿಲ್ಲೆಯಲ್ಲೇ ಇದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹರಡಿದ್ದು ಆ ಮನೆಯಿಂದ. ಮುಖ ಕಾಣಿಸದೆ, ಬರೀ ದನಿಯಿಂದ ಕೇಳುಗರ ವಿಶ್ವಾಸ ಗಳಿಸಬೇಕು ಎಂಬ ಶಿಸ್ತು ಅಲ್ಲಿಂದ ಬೆಳೆಯಿತು. ಅಪರ್ಣಾ 1993ರಲ್ಲಿ ಆಕಾಶವಾಣಿಗೆ ಬಂದರು. ರೇನ್‌ಬೋ ಎಫ್‌ಎಂನ ಮೊದಮೊದಲ ನಿರೂಪಕಿಯರಲ್ಲಿ ಒಬ್ಬರಾದರು. ತೊಂಬತ್ತರ ದಶಕದುದ್ದಕ್ಕೂ ದೂರದರ್ಶನದ ಚಂದನದಲ್ಲಿ ಕಾಣಿಸಿಕೊಂಡರು. ಕೇಬಲ್ ಎಳೆಯದ ಊರುಗಳಲ್ಲೂ ಮಾಡಿನ ಮೇಲೆ ಒಂದು ಆಂಟೆನಾ ಇದ್ದರೆ ದೂರದರ್ಶನ ಬರುತ್ತಿದ್ದ ಕಾಲ ಅದು. ಹಾಗಾಗಿ ನಮ್ಮ ಹೊಗೆಸೊಪ್ಪಿನ ಸೀಮೆಯ ಹಳ್ಳಿಗಳಿಗೂ ಅಪರ್ಣಾ ಸಿನಿಮಾ ನಟಿಯಾಗಿ ಅಲ್ಲ, ಮನೆಯೊಳಗೆ ಬಂದು ಮಾತಾಡಿಸುವ ಹೆಣ್ಣುಮಗಳಾಗಿ ಪರಿಚಯವಾದರು. 1998ರ ದೀಪಾವಳಿಯ ಕಾರ್ಯಕ್ರಮವೊಂದನ್ನು ಅವರು ಸತತ 8 ಗಂಟೆ ನಿರೂಪಿಸಿದರು.

ಎಂಟು ಗಂಟೆ ಮಾತಾಡುವುದು ಎಂದರೆ ಏನೆಂದು ಯೋಚಿಸಿ ನೋಡಿ. ಕಲಾವಿದರು ವೇದಿಕೆಗೆ ಬರುವುದು ತಡವಾದರೆ ಆ ಖಾಲಿ ಜಾಗವನ್ನು ತುಂಬುವವರು ನಿರೂಪಕರು. ಮಂತ್ರಿಗಳು ದಾರಿಯಲ್ಲಿದ್ದರೆ ಮಾತು ಬೆಳೆಸಬೇಕು, ಬಂದೇಬಿಟ್ಟರೆ ಅರ್ಧದಲ್ಲಿ ಚೆಂದವಾಗಿ ಮುಗಿಸಬೇಕು. ಗಣ್ಯರ ಹೆಸರು, ಪದವಿ, ಯಾರ ನಂತರ ಯಾರು ಎಂಬ ಶಿಷ್ಟಾಚಾರ ತಪ್ಪುವಂತಿಲ್ಲ. ಸನ್ಮಾನಿತರು ಜೀವಮಾನವಿಡೀ ದುಡಿದವರು; ಅವರ ಪರಿಚಯಕ್ಕೆ ಸಿಗುವುದು ಒಂದೆರಡು ನಿಮಿಷ. ಆ ಒಂದೆರಡು ನಿಮಿಷದಲ್ಲಿ ಸಭೆಗೆ ಅವರ ಬಗ್ಗೆ ಗೌರವ ಹುಟ್ಟಬೇಕು, ನಿರೂಪಕಿಯ ಬಗ್ಗೆ ಅಲ್ಲ. ಅಪರ್ಣಾ ಸರ್ಕಾರಿ ಸಮಾರಂಭಗಳನ್ನು ವರ್ಷಗಟ್ಟಲೆ ನಡೆಸಿಕೊಟ್ಟದ್ದು ಹೀಗೆ. ಹಕಾರ, ಮಹಾಪ್ರಾಣ, ಶ-ಷ-ಸ, ಲ-ಳ ಎಲ್ಲವೂ ತಮ್ಮ ಜಾಗದಲ್ಲಿ ಇರುತ್ತಿದ್ದವು. ಆದರೂ ಪಂಡಿತರ ಗತ್ತು ಇರಲಿಲ್ಲ. ವಾಕ್ಯದ ಕೊನೆಯನ್ನು ಅವರು ನುಂಗುತ್ತಿರಲಿಲ್ಲ, ಎಳೆಯುತ್ತಲೂ ಇರಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಲ್ಲಿ ಉಸಿರು ಸೋತರೆ ಇಡೀ ಮಾತೇ ಸೋಲುತ್ತದೆ. ಅಲ್ಲಿಯವರೆಗೂ ಉಸಿರು ಉಳಿಸಿಕೊಳ್ಳುವುದು ನಟನೆಯ ಪಾಠ. ಅಪರ್ಣಾರ ಉಸಿರು ಅಲ್ಲಿ ಸೋತದ್ದನ್ನು ನಾನಂತೂ ಕೇಳಿಲ್ಲ.

ಧಾರಾವಾಹಿಗಳನ್ನು ಅವರು ಬಿಟ್ಟಿರಲಿಲ್ಲ. ವೈಶಾಲಿ ಕಾಸರವಳ್ಳಿ ನಿರ್ದೇಶನದ ‘ಮೂಡಲ ಮನೆ’, ಟಿ.ಎನ್. ಸೀತಾರಾಂ ಅವರ ‘ಮುಕ್ತ’ದಲ್ಲಿ ಅಭಿನಯಿಸಿದರು. 2013ರಲ್ಲಿ ಕನ್ನಡದ ಮೊದಲ ‘ಬಿಗ್ ಬಾಸ್’ ಮನೆಯಲ್ಲಿದ್ದರು. ‘ಮಜಾ ಟಾಕೀಸ್’ನ ವರಲಕ್ಷ್ಮಿ ಪಾತ್ರವನ್ನು ನೋಡಿ ಬೆರಗಾದವರು ಬಹಳ. ಇಷ್ಟು ಗಂಭೀರವಾಗಿ ಮಾತಾಡುವವರು ಇಷ್ಟು ನಗಿಸುತ್ತಾರೆಯೇ ಎಂದು ಕೇಳಿದವರಿದ್ದಾರೆ. ಮಾತಿನ ಏರಿಳಿತ ಕೈಯಲ್ಲಿದ್ದವರಿಗೆ ಗಂಭೀರವಾಗಿ ಇರುವುದು, ನಗಿಸುವುದು ಎರಡೂ ಒಂದೇ ವಿದ್ಯೆಯ ಎರಡು ಬಳಕೆ. ಆ ಪಾತ್ರದಿಂದ ಅವರನ್ನು ಹೊಸ ತಲೆಮಾರು ಗುರುತು ಹಿಡಿಯಿತು.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಗಾಂಧಿ ರಸ್ತೆಯವರೆಗೆ ನಮ್ಮ ಮೆಟ್ರೊ ಓಡಿತು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕನ್ನಡದಲ್ಲಿ ಹೇಳಿದ ದನಿ ಅಪರ್ಣಾರದು. ಇಂಥ ಪ್ರಕಟಣೆ ಸುಲಭವೆಂದು ತೋರಬಹುದು. ದಿನಕ್ಕೆ ಎಷ್ಟೋ ಸಲ, ವರ್ಷಗಟ್ಟಲೆ ಮರುಕಳಿಸಿದರೂ ಕಿವಿಗೆ ಬೇಸರ ಬರಬಾರದು. ಸಿಟ್ಟಿನಲ್ಲಿರುವವರಿಗೂ ದಣಿದವರಿಗೂ ಅದೇ ದನಿ ಹಿಡಿಸಬೇಕು. ಅದರಲ್ಲಿ ಅತಿ ಆದರ ಇದ್ದರೆ ಕೃತಕವಾಗುತ್ತದೆ, ಆದರವೇ ಇಲ್ಲದಿದ್ದರೆ ಯಂತ್ರವಾಗುತ್ತದೆ. ಕನ್ನಡ ಬಾರದ ಲಕ್ಷಾಂತರ ಜನ ಬೆಂಗಳೂರಿನಲ್ಲಿ ಮೊದಲು ಕೇಳಿದ ಶುದ್ಧ ಕನ್ನಡ ಇದೇ ಇದ್ದೀತು. ಪಿರಿಯಾಪಟ್ಟಣದಿಂದ ಕೆಲಸ ಹುಡುಕಿ ಹೋದ ಹುಡುಗರಿಗಂತೂ ಆ ಗದ್ದಲದ ಊರಿನಲ್ಲಿ ತಮ್ಮ ಭಾಷೆ ಮೊದಲು ಕೇಳಿಸುತ್ತದೆ ಎಂಬುದು ಸಣ್ಣ ಸಮಾಧಾನವಲ್ಲ.

ಶ್ವಾಸಕೋಶದ ಕ್ಯಾನ್ಸರ್ ಅವರನ್ನು 2024ರ ಜುಲೈ 11ರಂದು ಒಯ್ದಿತು. ವಯಸ್ಸು 57. ಪತಿ ನಾಗರಾಜ ವಸ್ತಾರೆ ವಾಸ್ತುಶಿಲ್ಪಿ, ಕನ್ನಡದ ಒಳ್ಳೆಯ ಲೇಖಕ. ಉಸಿರನ್ನೇ ನಂಬಿ ಕೆಲಸ ಮಾಡಿದವರಿಗೆ ಕಾಯಿಲೆ ಅಲ್ಲಿಗೇ ಬಂದದ್ದು ಬಹಳ ನೋವಿನ ಮಾತು.

ಕೆ.ಆರ್. ನಗರದ, ಹುಣಸೂರಿನ ಕಾಲೇಜುಗಳಲ್ಲಿ ವಾರ್ಷಿಕೋತ್ಸವಕ್ಕೆ, ರಾಜ್ಯೋತ್ಸವಕ್ಕೆ ಮೈಕು ಹಿಡಿಯುವ ಹೆಣ್ಣುಮಕ್ಕಳು ಈಗ ತುಂಬ ಇದ್ದಾರೆ. ಅವರಲ್ಲಿ ಹಲವರು ಮೊಬೈಲ್‌ನಲ್ಲಿ ಕಂಡ ಯಾವುದೋ ರಿಯಾಲಿಟಿ ಷೋದ ಕೂಗನ್ನೇ ನಿರೂಪಣೆ ಎಂದುಕೊಂಡಿದ್ದಾರೆ. ಅದು ಅವರ ತಪ್ಪಲ್ಲ; ಬೇರೆ ಮಾದರಿಯನ್ನು ನಾವು ತೋರಿಸಿಲ್ಲ. ಅಪರ್ಣಾರ ಕಾರ್ಯಕ್ರಮಗಳ ತುಣುಕುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಕನ್ನಡ ಅಧ್ಯಾಪಕರು ಒಂದು ಮಧ್ಯಾಹ್ನದ ತರಗತಿಯಲ್ಲಿ ಪಾಠ ಬಿಟ್ಟು ಅವನ್ನು ಕೇಳಿಸಲಿ. ಮೊದಲು ಕಣ್ಣು ಮುಚ್ಚಿ ಕೇಳಿಸಬೇಕು. ಆಮೇಲೆ ಅದೇ ಮಾತುಗಳನ್ನು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಬೇಕು, ಕೊನೆಯ ಅಕ್ಷರದವರೆಗೆ.