ಹಳೆಯ ಜಮೀನು ಕ್ರಯಪತ್ರಗಳು: ಪೂರಿಗಾಲಿ ಭಾಗದ ಅರ್ಜಿದಾರರಿಗೆ ಮಾಹಿತಿ

ಮಳವಳ್ಳಿ ತಾಲ್ಲೂಕು ಪೂರಿಗಾಲಿ ಹಾಗೂ ಸುತ್ತಲಿನ ಗ್ರಾಮಗಳ ಖಾತೆದಾರರು ಪೌತಿ ಖಾತೆ, ವಿಭಾಗ ಅಥವಾ ಬ್ಯಾಂಕ್ ಸಾಲದ ಸಂದರ್ಭದಲ್ಲಿ ತಾತ, ಮುತ್ತಾತಂದಿರ ಕಾಲದ ಪತ್ರಗಳನ್ನು ಹಾಜರುಪಡಿಸುವುದುಂಟು. ಅಂತಹ ಪತ್ರಗಳನ್ನು ಓದಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮಂಡ್ಯ ಜಿಲ್ಲೆಯು 1-7-1939ರಂದು ಅಸ್ತಿತ್ವಕ್ಕೆ ಬಂದಿತು. ಅದಕ್ಕೂ ಹಿಂದಿನ ಪತ್ರಗಳಲ್ಲಿ ಮಳವಳ್ಳಿ ತಾಲ್ಲೂಕು ಮೈಸೂರು ಜಿಲ್ಲೆಗೆ ಸೇರಿದಂತೆ ನಮೂದಾಗಿರುತ್ತದೆ, ಇದು ದೋಷವಲ್ಲ. ಸಂವತ್ಸರದ ಹೆಸರು ಮಾತ್ರ ಇದ್ದಲ್ಲಿ ಎಚ್ಚರ ಅಗತ್ಯ. ಪ್ರಮಾಥಿ ಸಂವತ್ಸರ 1939ರಲ್ಲಿಯೂ ಬಂದಿದೆ, 60 ವರ್ಷಗಳ ನಂತರ 1999ರಲ್ಲಿಯೂ ಬಂದಿದೆ.

ಮುಖ್ಯವಾಗಿ ಪರಿಶೀಲಿಸಬೇಕಾದುದು ಪತ್ರದ ಸ್ವರೂಪವನ್ನು. ಜಮೀನನ್ನು ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುವುದಾಗಿ ಶುದ್ಧ ಕ್ರಯಪತ್ರದಲ್ಲಿಯೂ ಬರೆದಿರುತ್ತದೆ, ಭೋಗ್ಯಪತ್ರದಲ್ಲಿಯೂ ಬರೆದಿರುತ್ತದೆ. ಭೋಗ್ಯದಲ್ಲಿ ಜಮೀನು ಸಾಲಕ್ಕೆ ಆಧಾರ ಮಾತ್ರ. ಸಾಲ ತೀರಿದ ನಂತರ ಹಿಂದಿರುಗಿಸತಕ್ಕದ್ದು. ಭೋಗ್ಯ ಬಿಡಿಸಿಕೊಳ್ಳುವ ಹಕ್ಕು ಪತ್ರದ ದಿನಾಂಕದಿಂದ 30 ವರ್ಷ ಕಳೆದ ಮಾತ್ರಕ್ಕೆ ನಶಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ಎರಡು ತಲೆಮಾರು ಉಳುಮೆ ಮಾಡಿದ ಕುಟುಂಬವೂ, ಜಮೀನು ಕೈತಪ್ಪಿತೆಂದು ಸುಮ್ಮನಿರುವ ಕುಟುಂಬವೂ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ ತಿಳಿಯುವುದು ಒಳಿತು.

ಇಂಗ್ಲೆಂಡಿನಲ್ಲಿ ಹಿಂದೆ ಜಮೀನಿನ ಪತ್ರಗಳನ್ನು ಹದಗೊಳಿಸಿದ ಕರುವಿನ ಅಥವಾ ಕುರಿಯ ಚರ್ಮದ ಮೇಲೆ ಬರೆಯುತ್ತಿದ್ದರು. ಒಂದೇ ಹಾಳೆಯಲ್ಲಿ ಎರಡು ಪ್ರತಿ ಬರೆದು, ನಡುವೆ ಅಂಕುಡೊಂಕಾಗಿ ಕತ್ತರಿಸಿ, ಉಭಯ ಪಕ್ಷದವರಿಗೂ ಒಂದೊಂದನ್ನು ಕೊಡುವ ಪದ್ಧತಿಯಿತ್ತು. ಅಂಚುಗಳು ಹೊಂದಿದರೆ ಪತ್ರ ನಿಜ. ಹಾಳೆ ಕಳೆದರೆ ಪುರಾವೆಯೂ ಹೋದಂತೆ. ನಮ್ಮಲ್ಲಿ ನೋಂದಾಯಿತ ಕ್ರಯಪತ್ರದ ಪ್ರತಿಯು ಕಚೇರಿಯ 1ನೇ ಪುಸ್ತಕದಲ್ಲಿ ಉಳಿದಿರುತ್ತದೆ. ಮೂಲಪತ್ರವನ್ನು ಗೆದ್ದಲು ತಿಂದಿದ್ದರೂ, ಅದರ ದಸ್ತಾವೇಜು ಸಂಖ್ಯೆ, ಸಂಪುಟ, ಪುಟ ಮತ್ತು ದಿನಾಂಕ ತಿಳಿದಿದ್ದಲ್ಲಿ ಸಂಬಂಧಿಸಿದ ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ನಿಗದಿತ ಶುಲ್ಕ ಪಾವತಿಸಿ ದೃಢೀಕೃತ ನಕಲು ಪಡೆಯಬಹುದು. ಈ ವಿವರಗಳು ಸಾಮಾನ್ಯವಾಗಿ ಪತ್ರದ ಹಿಂಬದಿಯ ಷರಾದಲ್ಲಿರುತ್ತವೆ. ಹಳೆಯ ಪತ್ರಗಳಿಗೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ; ಹಾಳೆ ಉಳಿದಂತೆ ಕಂಡರೂ ಮುಂದೆ ಪರಿಶೀಲನೆಗೆ ಒದಗುವುದಿಲ್ಲ.

ಆದಾಗ್ಯೂ ನೋಂದಣಿಯು ಪತ್ರಕ್ಕೆ ಸಂಬಂಧಿಸಿದ್ದೇ ಹೊರತು ಹಕ್ಕಿಗೆ ಖಾತರಿಯಲ್ಲ. ಗೇಣಿದಾರರ ಸಾಗುವಳಿಯಲ್ಲಿದ್ದು 1-3-1974ರಂದು ಸರ್ಕಾರದಲ್ಲಿ ನಿಹಿತವಾದ ಜಮೀನಿಗೆ, ಕ್ರಯಪತ್ರ ಎಷ್ಟೇ ಕ್ರಮಬದ್ಧವಾಗಿದ್ದರೂ, ಅದರ ಆಧಾರದ ಮೇಲೆ ಖಾತೆ ಕೋರಲಾಗದು. ಮೂವತ್ತು ವರ್ಷ ಮೀರಿದ ಮೂಲಪತ್ರವು ಯೋಗ್ಯ ವಶದಿಂದ ಹಾಜರಾದರೆ, ಅದರ ಸಹಿ ಮತ್ತು ಬರವಣಿಗೆ ಸಾಚಾ ಎಂದು ನ್ಯಾಯಾಲಯವು ಭಾವಿಸಬಹುದು (ಭಾರತೀಯ ಸಾಕ್ಷ್ಯ ಅಧಿನಿಯಮ 2023, ಕಲಂ 92). ಒಕ್ಕಣೆಯಲ್ಲಿರುವುದೆಲ್ಲ ಸತ್ಯವೆಂದು ಇದರ ಅರ್ಥವಲ್ಲ.

ಪೋಡಿಯಾದ ನಂತರ ಸರ್ವೆ ನಂಬರಿಗೆ ಹಿಸ್ಸಾ ಸೇರಿರುವ ಸಂಭವವಿರುವುದರಿಂದ, ಪತ್ರದಲ್ಲಿನ ಚೆಕ್ಕುಬಂದಿ ಮತ್ತು ಎಕರೆ-ಗುಂಟೆಯನ್ನು ಈಗಿನ ಪಹಣಿಯೊಂದಿಗೆ ಹೋಲಿಸಿ ನೋಡತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಪತ್ರದ ನಕಲು, ಪಹಣಿ ಮತ್ತು ಋಣಭಾರ ಪ್ರಮಾಣಪತ್ರದೊಂದಿಗೆ ಮಳವಳ್ಳಿ ತಾಲ್ಲೂಕು ಕಚೇರಿಗೆ ಅರ್ಜಿ ಸಲ್ಲಿಸಬಹುದು. ಮೂಲಪತ್ರವನ್ನು ಪರಿಶೀಲನೆಗೆ ತೋರಿಸಿ, ಹಿಂದಕ್ಕೆ ಪಡೆದುಕೊಳ್ಳಿ.