ಕೊಡುವ ಕೈಗೂ ಒಂದು ಪಾಳಿ ಬೇಕು



ಊರಲ್ಲಿ ಯಾರಿಗಾದರೂ ಕಷ್ಟ ಬಂದರೆ ಮೊದಲು ಓಡಿ ಹೋಗುವವರು ನೀವೇ. ಇದನ್ನು ನಾವು ಹಳ್ಳಿ ಹಳ್ಳಿಯಲ್ಲೂ ಕಂಡಿದ್ದೇವೆ. ಸಹಾಯ ಮಾಡಿ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸಹಾಯ ಮಾಡುವುದಕ್ಕೂ ಒಂದು ಕ್ರಮ ಇದೆ. ಆ ಕ್ರಮ ತಪ್ಪಿದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದೂ ವ್ಯರ್ಥವಾಗಬಹುದು. ಇದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಆದ್ದರಿಂದ ಆ ತಪ್ಪಿನಿಂದಲೇ ಶುರು ಮಾಡುತ್ತೇವೆ.

ನಮ್ಮಿಂದ ಆದ ತಪ್ಪು

ಕೆಲವು ವರ್ಷಗಳ ಹಿಂದೆ ನಾವು ಕೆಲಸ ಮಾಡುತ್ತಿದ್ದ ಒಂದು ಹಳ್ಳಿಯಲ್ಲಿ ಗಾರೆ ಕೆಲಸದವರೊಬ್ಬರು ಸಾರವೆಯಿಂದ ಬಿದ್ದು ತೀರಿಕೊಂಡರು. ಹೆಂಡತಿ, ಮೂರು ಮಕ್ಕಳು ಉಳಿದರು. ಆ ಭಾನುವಾರ ಫಾದರ್ ಬಲಿಪೂಜೆಯಲ್ಲಿ ವಿಷಯ ತಿಳಿಸಿದರು. ಸಂಜೆಯೊಳಗೆ ಆ ಮನೆ ತುಂಬಿಹೋಯಿತು. ಅಕ್ಕಿ, ಬೇಳೆ, ಎಣ್ಣೆ, ಹಳೆ ಬಟ್ಟೆ, ಹಣ್ಣು. ಹದಿನೈದು ದಿನ ಬಿಟ್ಟು ಒಂದು ಕಾರ್ಯಕ್ರಮದಲ್ಲಿ ಆಕೆಯನ್ನು ವೇದಿಕೆಗೆ ಕರೆದು ಒಂದು ಕವರ್ ಕೊಟ್ಟೆವು, ಫೋಟೋ ತೆಗೆಸಿದೆವು. ನಮ್ಮ ಕರ್ತವ್ಯ ಮುಗಿಯಿತು ಅಂದುಕೊಂಡೆವು.

ಆರು ತಿಂಗಳ ಮೇಲೆ ಮತ್ತೆ ಆ ಮನೆಗೆ ಹೋದಾಗ ಕೊಟ್ಟಿದ್ದ ಅಕ್ಕಿಯಲ್ಲಿ ಅರ್ಧ ಮೂಟೆ ಹುಳ ಹಿಡಿದು ಮೂಲೆಯಲ್ಲಿತ್ತು. ಬಾಡಿಗೆ ಕಟ್ಟಲು ಮೀಟರ್ ಬಡ್ಡಿಗೆ ಸಾಲ ಮಾಡಿದ್ದರು. ವಿಧವಾ ವೇತನಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಒಂಬತ್ತನೇ ತರಗತಿಯಲ್ಲಿದ್ದ ದೊಡ್ಡ ಮಗಳನ್ನು ಶಾಲೆ ಬಿಡಿಸಿ ಪಟ್ಟಣದಲ್ಲಿ ಒಬ್ಬರ ಮನೆಗೆಲಸಕ್ಕೆ ಕಳಿಸಿದ್ದರು. "ನಮಗೆ ಒಂದು ಮಾತು ಹೇಳಬಾರದಿತ್ತಾ ತಾಯಿ?" ಎಂದು ಕೇಳಿದೆವು. ಆಕೆ ಹೇಳಿದ್ದು ಇಷ್ಟೇ: "ಸಿಸ್ಟರ್, ಅಷ್ಟು ಜನರ ಎದುರಿಗೆ ಇಸ್ಕೊಂಡಿದ್ದೀನಿ. ಮತ್ತೆ ಹೆಂಗೆ ಬಂದು ಕೇಳಲಿ?"

ಆ ಹುಡುಗಿಯನ್ನು ಮರಳಿ ಶಾಲೆಗೆ ತರಲು ಬಹಳ ಪ್ರಯತ್ನ ಮಾಡಿದೆವು. ಆಗಲಿಲ್ಲ. ಊರಿನ ಜನ ಕೊಟ್ಟದ್ದು ಕಡಿಮೆಯೇನೂ ಅಲ್ಲ. ಆದರೆ ಎಲ್ಲವೂ ಒಂದೇ ದಿನ ಬಂತು, ಆಮೇಲೆ ಯಾರೂ ಬರಲಿಲ್ಲ.

400 ವರ್ಷದ ಹಿಂದೆಯೂ ಇದೇ ಕಥೆ

ಇಂಥದ್ದೇ ಒಂದು ಘಟನೆ 1617ರಲ್ಲಿ ಫ್ರಾನ್ಸ್ ದೇಶದ ಶಾತಿಯೋಂ ಎಂಬ ಊರಿನಲ್ಲಿ ನಡೆಯಿತು. ಅಲ್ಲಿನ ಚರ್ಚಿನ ಗುರುಗಳು ವಿನ್ಸೆಂಟ್ ದೆ ಪೌಲ್. ಆಗಸ್ಟ್ ತಿಂಗಳ ಒಂದು ಭಾನುವಾರ ಅವರು ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳಲು ಒಬ್ಬರೂ ಇಲ್ಲ ಎಂಬ ಸುದ್ದಿ ಬಂತು. ಪ್ರಬೋಧನೆಯಲ್ಲಿ ಅವರು ಅದನ್ನು ಜನರಿಗೆ ಹೇಳಿದರು. ಮಧ್ಯಾಹ್ನ ಅವರೇ ಆ ಮನೆ ಕಡೆ ಹೊರಟರೆ, ದಾರಿಯುದ್ದಕ್ಕೂ ರೊಟ್ಟಿ, ಮಾಂಸ ಹೊತ್ತುಕೊಂಡು ಹೋಗಿ ಬರುವ ಹೆಂಗಸರೇ ಹೆಂಗಸರು!

ವಿನ್ಸೆಂಟರಿಗೆ ಸಂತೋಷವೂ ಆಯಿತು, ಚಿಂತೆಯೂ ಆಯಿತು. ಇವತ್ತು ಬಂದದ್ದೆಲ್ಲ ತಿಂದು ಮುಗಿಯುವುದಿಲ್ಲ, ಕೆಟ್ಟುಹೋಗುತ್ತದೆ. ನಾಳಿದ್ದು ಆ ಮನೆಯವರು ಮತ್ತೆ ಹಸಿದು ಮಲಗುತ್ತಾರೆ. ಜನರಲ್ಲಿ ಕರುಣೆ ಬೇಕಾದಷ್ಟಿದೆ, ವ್ಯವಸ್ಥೆ ಮಾತ್ರ ಇಲ್ಲ ಎಂಬುದು ಅವರಿಗೆ ಅರ್ಥವಾಯಿತು. ಅದೇ ವಾರ ಊರಿನ ಕೆಲವು ಮಹಿಳೆಯರನ್ನು ಸೇರಿಸಿ ಒಂದು ಸಂಘ ಮಾಡಿದರು. ಒಬ್ಬೊಬ್ಬರಿಗೂ ಒಂದೊಂದು ದಿನದ ಪಾಳಿ. ಅದೇ ವರ್ಷ ಆ ಸಂಘಕ್ಕೆ ಬರೆದ ನಿಯಮಾವಳಿಯೂ ಸಿದ್ಧವಾಯಿತು.

ಆ ನಿಯಮಗಳನ್ನು ಕೇಳಿದರೆ ನಿಮಗೆ ನಿಮ್ಮ ಸಂಘವೇ ನೆನಪಾಗುತ್ತದೆ. ಅಧ್ಯಕ್ಷೆ ಒಬ್ಬರು, ಖಜಾಂಚಿ ಒಬ್ಬರು. ಹಣದ ಪೆಟ್ಟಿಗೆಗೆ ಎರಡು ಬೀಗ, ಒಂದು ಕೀ ಅಧ್ಯಕ್ಷೆಯ ಹತ್ತಿರ, ಇನ್ನೊಂದು ಖಜಾಂಚಿಯ ಹತ್ತಿರ. ಲೆಕ್ಕ ಒಪ್ಪಿಸಲೇಬೇಕು. ಊಟ ಬಡಿಸುವ ರೀತಿಗೂ ನಿಯಮ ಇತ್ತು. ಕಾಯಿಲೆಯವರನ್ನು ನಗುಮುಖದಿಂದ ಮಾತಾಡಿಸಬೇಕು, ಹಾಸಿಗೆ ಮೇಲೆ ಬಟ್ಟೆ ಹಾಸಿ ತಟ್ಟೆ ಇಡಬೇಕು, ಕೈ ತೊಳೆಸಬೇಕು. ಮನೆಯಲ್ಲಿ ಜನ ಇರುವವರ ಹತ್ತಿರ ಮೊದಲು ಹೋಗಬೇಕು, ಒಂಟಿಯಾಗಿರುವವರ ಹತ್ತಿರ ಕೊನೆಗೆ ಹೋಗಬೇಕು. ಯಾಕೆ ಗೊತ್ತಾ? ಒಂಟಿಯಾಗಿರುವವರ ಜೊತೆ ಹೆಚ್ಚು ಹೊತ್ತು ಕೂರಲು ಸಮಯ ಸಿಗಲಿ ಅಂತ.

ಓದು ಬರಹ ಎಲ್ಲರಿಗೂ ಇಲ್ಲದ ಕಾಲದಲ್ಲಿ ಹಳ್ಳಿಯ ಹೆಂಗಸರು ನಡೆಸಿದ ಸಂಘ ಅದು. ಅದರ ಮುಂದುವರಿಕೆಯಾದ ಮಹಿಳಾ ಸಂಘಗಳು ಇವತ್ತಿಗೂ ಅನೇಕ ದೇಶಗಳಲ್ಲಿ ಕೆಲಸ ಮಾಡುತ್ತಿವೆ.

ಪವಿತ್ರ ಗ್ರಂಥದಲ್ಲೂ ಇದೆ

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಅಕ್ಕತಂಗಿಯರು ಇದ್ದೀರಿ. ಬೈಬಲಿನ ಈ ಎರಡು ಸಂಗತಿ ಎಲ್ಲರಿಗೂ ಉಪಯೋಗಕ್ಕೆ ಬರುವಂಥವು. ಯೇಸುಸ್ವಾಮಿಯ ನಂತರದ ಮೊದಲ ಕ್ರೈಸ್ತ ಸಭೆಯಲ್ಲಿ ಪ್ರತಿದಿನ ಬಡವರಿಗೆ ಆಹಾರ ಹಂಚುತ್ತಿದ್ದರು. ಆದರೆ ಬೇರೆ ಭಾಷೆ ಆಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂತು. ಪ್ರೇಷಿತರು ದೂರು ಕೊಟ್ಟವರ ಮೇಲೆ ಸಿಟ್ಟಾಗಲಿಲ್ಲ. ಏಳು ಜನರನ್ನು ಆರಿಸಲು ಸಭೆಯವರಿಗೇ ಹೇಳಿ, ಆರಿಸಿದವರಿಗೆ ಹಂಚುವ ಜವಾಬ್ದಾರಿ ಒಪ್ಪಿಸಿದರು. ಇದು 'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದ 6ನೇ ಅಧ್ಯಾಯದಲ್ಲಿದೆ. ಇನ್ನೊಂದು, ಸಂತ ಪೌಲರು ಕೊರಿಂಥದ ಸಭೆಗೆ ಕೊಟ್ಟ ಸಲಹೆ. ಜೆರುಸಲೇಮಿನ ಬಡವರಿಗಾಗಿ ಪ್ರತಿಯೊಬ್ಬರೂ ವಾರ ವಾರವೂ ತಮ್ಮ ಸಂಪಾದನೆಗೆ ತಕ್ಕಷ್ಟು ತೆಗೆದಿಡಲಿ, ನಾನು ಬಂದಾಗ ಗಡಿಬಿಡಿಯಲ್ಲಿ ಕೂಡಿಸುವುದು ಬೇಡ ಎಂದರು. ನಮ್ಮ ವಾರದ ಉಳಿತಾಯದ ಹಾಗೇ ಅಲ್ವಾ?

ಮನೆಗೆ ಹೋಗಿ ನೋಡುವುದು

1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡ್ರಿಕ್ ಓಝನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ ಬಡವರ ಸೇವೆಗೆ ಒಂದು ಸಂಘ ಕಟ್ಟಿದರು. ಹಿಂದಿನ ವರ್ಷವಷ್ಟೇ ಅಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತಿದ್ದರು. ಮನಸ್ಸೇನೋ ಇತ್ತು, ಹೇಗೆ ಮಾಡಬೇಕೆಂದು ಆ ಹುಡುಗರಿಗೆ ತಿಳಿದಿರಲಿಲ್ಲ. ಅವರಿಗೆ ದಾರಿ ತೋರಿಸಿದವರು ಬಡವರ ಕೇರಿಯಲ್ಲಿ ಎಷ್ಟೋ ವರ್ಷದಿಂದ ಕೆಲಸ ಮಾಡುತ್ತಿದ್ದ ಸಿಸ್ಟರ್ ರೊಸಾಲಿ. ಕಚೇರಿಯಲ್ಲಿ ಕೂತು ಹಂಚುವ ಬದಲು ಮನೆಗೆ ಹೋಗಿ, ಕೂತು, ಅವರ ಮಾತು ಕೇಳುವುದನ್ನು ಅವರು ಕಲಿಸಿದರು. ಅದೇ ಇವತ್ತಿನ ಸಂತ ವಿನ್ಸೆಂಟ್ ದೆ ಪೌಲ್ ಸಭೆ. ನಮ್ಮ ಕರ್ನಾಟಕದ ಅನೇಕ ಧರ್ಮಕೇಂದ್ರಗಳಲ್ಲೂ ಇದರ ಘಟಕಗಳಿವೆ. ಇವರು ಮನೆ ಭೇಟಿಗೆ ಇಬ್ಬರಿಬ್ಬರಾಗಿ ಹೋಗುತ್ತಾರೆ. ಸಭೆಯಲ್ಲಿ ಒಂದು ಚೀಲ ಹಾಯಿಸಿ, ಯಾರು ಎಷ್ಟು ಹಾಕಿದರು ಎಂಬುದು ಯಾರಿಗೂ ಕಾಣದಂತೆ ವಂತಿಗೆ ಕೂಡಿಸುತ್ತಾರೆ.

ನಿಮ್ಮ ಸಂಘ ಏನು ಮಾಡಬಹುದು?

1. ಮೊದಲು ಇಬ್ಬರು ಹೋಗಿ ನೋಡಿ. ಏನು ಕೊಡೋಣ ಎಂದು ನಾವೇ ತೀರ್ಮಾನ ಮಾಡಬಾರದು, ಏನು ಬೇಕು ಎಂದು ಅವರನ್ನೇ ಕೇಳಬೇಕು. ಅಕ್ಕಿ ರೇಷನ್‌ನಲ್ಲಿ ಸಿಗುತ್ತಿರಬಹುದು, ಬೇಕಾಗಿರುವುದು ಬಾಡಿಗೆ, ಔಷಧಿ ಅಥವಾ ಬಸ್ ಚಾರ್ಜ್ ಇರಬಹುದು.

2. ಪಾಳಿ ಹಾಕಿಕೊಳ್ಳಿ. ಹದಿನೈದು ಸದಸ್ಯೆಯರಿದ್ದರೆ ವಾರಕ್ಕೆ ಇಬ್ಬರಂತೆ ಎರಡು ತಿಂಗಳವರೆಗೆ ಯಾರಾದರೂ ಆ ಮನೆಗೆ ಹೋಗಿ ಬರಬಹುದು. ಹೋಗುವಾಗ ಪ್ರತಿ ಸಲವೂ ಕೈಯಲ್ಲಿ ಏನಾದರೂ ಇರಲೇಬೇಕೆಂದಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ ಎಂದು ತಪ್ಪದೆ ಕೇಳಿ. ನಾವು ಕೇಳದೆ ಹೋದದ್ದು ಅದನ್ನೇ.

3. ಹಕ್ಕಿನದನ್ನು ಕೊಡಿಸಿ. ದಾನ ನಾಲ್ಕು ದಿನ, ಪಿಂಚಣಿ ತಿಂಗಳು ತಿಂಗಳೂ ಬರುತ್ತದೆ. ವಿಧವಾ ವೇತನ, ಸಂಧ್ಯಾ ಸುರಕ್ಷಾ, ಅಂಗವಿಕಲರ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ವಿಧವಾ ವೇತನಕ್ಕೆ ಆಧಾರ್, ರೇಷನ್ ಕಾರ್ಡ್, ಗಂಡನ ಮರಣ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ, ಪಾಸ್‌ಬುಕ್ ಜೋಡಿಸಿಕೊಳ್ಳಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ಮನೆ ನಡೆಸುತ್ತಿದ್ದವರು 18ರಿಂದ 59 ವರ್ಷದೊಳಗೆ ತೀರಿಕೊಂಡರೆ, ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ ಒಂದು ಬಾರಿಗೆ 20,000 ರೂಪಾಯಿಗೆ ಅರ್ಜಿ ಹಾಕಬಹುದು. ತೀರಿಕೊಂಡವರ ಪಾಸ್‌ಬುಕ್ ತೆಗೆದು ನೋಡಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ ಜ್ಯೋತಿ ವಿಮೆ, 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ಬಿಮಾ, ಅಂದರೆ ಅಪಘಾತ ವಿಮೆ. ವಿಮೆ ಚಾಲ್ತಿಯಲ್ಲಿದ್ದರೆ ಒಂದೊಂದರಲ್ಲೂ 2 ಲಕ್ಷ ರೂಪಾಯಿ ಇದೆ. ತಡಮಾಡದೆ ಬ್ಯಾಂಕಿಗೆ ಹೋಗಿ ಕೇಳಿ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಕಲ್ಯಾಣ ಮಂಡಳಿಯಿಂದಲೂ ಪರಿಹಾರ ಉಂಟು. ದುಃಖದಲ್ಲಿರುವವರಿಗೆ ಈ ಕಚೇರಿಗಳಿಗೆ ಅಲೆಯುವ ಶಕ್ತಿ ಇರುವುದಿಲ್ಲ. ಜೊತೆಗೆ ಒಬ್ಬರು ಹೋಗುವುದೇ ದೊಡ್ಡ ಸಹಾಯ.

4. ಲೆಕ್ಕ ಬರೆಯಿರಿ, ಹೆಸರು ಸಾರಬೇಡಿ. ಎಷ್ಟು ಕೂಡಿತು, ಎಷ್ಟು ಖರ್ಚಾಯಿತು ಎಂದು ನಡಾವಳಿ ಪುಸ್ತಕದಲ್ಲಿ ಇರಲಿ. ಆದರೆ ವೇದಿಕೆ, ಫೋಟೋ, ವಾಟ್ಸಾಪ್ ಬೇಡ. ಪಡೆದವರೂ ನಾಳೆ ಅದೇ ಬೀದಿಯಲ್ಲಿ ತಲೆ ಎತ್ತಿ ನಡೆಯಬೇಕು.

5. ಪ್ರತಿಯಾಗಿ ಏನನ್ನೂ ಕೇಳಬೇಡಿ. ಕಷ್ಟಕ್ಕೆ ಜಾತಿ ಧರ್ಮ ಇಲ್ಲ. ಕೊಟ್ಟೆವೆಂದು ಚರ್ಚಿಗೆ ಬನ್ನಿ ಎಂದಾಗಲಿ, ನಮ್ಮ ಸಂಘಕ್ಕೇ ಸೇರಿ ಎಂದಾಗಲಿ ಒತ್ತಾಯ ಮಾಡುವುದು ಸೇವೆಯಲ್ಲ, ವ್ಯಾಪಾರ.

ಒಂದು ಎಚ್ಚರಿಕೆ. ಸಂಘದ ಉಳಿತಾಯದ ಹಣಕ್ಕೆ ಇದಕ್ಕಾಗಿ ಕೈ ಹಾಕಬೇಡಿ. ಅದು ಪ್ರತಿ ಸದಸ್ಯೆಯ ಸ್ವಂತ ಹಣ. ಸಹಾಯ ನಿಧಿ ಬೇರೆಯೇ ಇರಲಿ. ವಾರಕ್ಕೆ ಐದು ರೂಪಾಯಿಯಂತೆ ಹದಿನೈದು ಜನ ಹಾಕಿದರೆ ವರ್ಷಕ್ಕೆ 3,900 ರೂಪಾಯಿ. ಅದೂ ಕಷ್ಟವಾದರೆ ದಿನಾ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ತೆಗೆದಿಟ್ಟು ವಾರದ ಸಭೆಗೆ ತನ್ನಿ.

ಕೊನೆಯ ಮಾತು

ನಮ್ಮ ಹಳ್ಳಿಯ ಆ ತಾಯಿಗೆ ತಡವಾಗಿಯಾದರೂ ವಿಧವಾ ವೇತನ ಮಂಜೂರಾಯಿತು. ಅಕ್ಕಪಕ್ಕದ ಸದಸ್ಯೆಯರು ಪಾಳಿಯಲ್ಲಿ ಜೊತೆಗೆ ನಾಡಕಚೇರಿಗೆ ಹೋಗಿ ಬಂದರು. ಚಿಕ್ಕವರಿಬ್ಬರು ಶಾಲೆ ಬಿಡಲಿಲ್ಲ. ಆದರೆ ದೊಡ್ಡವಳ ಓದು ನಿಂತದ್ದು ನಿಂತೇ ಹೋಯಿತು. ಆ ಆರು ತಿಂಗಳಲ್ಲಿ ವಾರಕ್ಕೊಬ್ಬರು ಹೋಗಿ ಅರ್ಧ ಗಂಟೆ ಕೂತಿದ್ದರೆ ಸಾಕಿತ್ತು ಎಂದು ಇವತ್ತಿಗೂ ನಮಗೆ ಅನ್ನಿಸುತ್ತದೆ. ನಿಮ್ಮ ಬೀದಿಯಲ್ಲಿ ಹಾಗಾಗದಿರಲಿ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ:

• ನಮ್ಮ ಬೀದಿಯಲ್ಲಿ ಈಗ ಯಾರ ಮನೆಗೆ ಯಾರೂ ಹೋಗುತ್ತಿಲ್ಲ?
• ಅವರಿಗೆ ಸಿಗಬೇಕಾದ ಯಾವ ಸರ್ಕಾರಿ ಸೌಲಭ್ಯ ಇನ್ನೂ ಸಿಕ್ಕಿಲ್ಲ?
• ಈ ವಾರದ ಪಾಳಿ ಯಾರದು?